ಒಲ್ಲೆ ಕಲಿಸಿದ ಅಕ್ಕೋರು

ಅಕ್ಷರಾಭ್ಯಾಸವು 'ಅ'ದಿಂದಲೇ ಆರಂಭವಾಗತಕ್ಕದ್ದು; ಇದು ಸೃಷ್ಟಿಯ ನಿಯಮ. ಮರಾಠಿ ಸೀಮೆಯ ಬಿಬವೇವಾಡಿಯಲ್ಲಿರುವ ನಮ್ಮ ಕನ್ನಡ ಮನೆಯಲ್ಲಿ ಸೃಷ್ಟಿಯ ನಿಯಮ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಬಾಳಲಿಲ್ಲ.

ಹೋದ ವಾರ ಬಣ್ಣ ಹಚ್ಚಲು ಬಂದವನು ಅಡುಗೆಮನೆಯ ಕಪಾಟು ಸರಿಸಿದಾಗ ಹಿಂದಿನಿಂದ ಒಂದು ಚೀಟಿ ಬಿತ್ತು. ಅರಿಸಿನದ ಕಲೆ, ಇಂಗಿನ ವಾಸನೆ. ಅವನು ಅದರ ಮೇಲಿದ್ದುದನ್ನು ಕೂಡಿಸಿ ಓದಿ, "ಕಾಕಾ, ಹಾ ಕುಠಲಾ ಶಬ್ದ?" ಎಂದು ತಲೆ ಕೆರೆದುಕೊಂಡ. ಯಾವ ಶಬ್ದವೆಂದು ತಿಳಿಯದಿದ್ದುದು ಅವನ ತಪ್ಪಲ್ಲ. ಅಕ್ಷರ ಮರಾಠಿಯವು, ಮಾತು ಕನ್ನಡದ್ದು: ಒಲ್ಲೆ.

ಅದನ್ನು ಬರೆದವರು ನಮ್ಮ ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಸೊಲ್ಲಾಪುರದವರು, ಮನೆಮಾತು ಕನ್ನಡ, ಕಲಿತ ಶಾಲೆ ಮರಾಠಿ. ಕನ್ನಡ ಲಿಪಿ ಅವರಿಗೆ ಬರುತ್ತಿರಲಿಲ್ಲ. ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳ ಶಾಲೆಯಲ್ಲಿ ಓದು ಕಲಿಸುತ್ತಿದ್ದರು. ನನ್ನ ಮೊಮ್ಮಗಳು ಅಲ್ಲಿದ್ದಳು. ಅವಳ ಬಾಯಿಂದ ಬರುತ್ತಿದ್ದುದು 'ಆಂ' ಒಂದೇ. ಹಸಿವಿಗೂ ಅದೇ, ಸಂತೋಷಕ್ಕೂ ಅದೇ. ದೀಪಾವಳಿಯೊಳಗೆ ಅಕ್ಷರ ಹತ್ತುವ ಗುರುತು ಕಾಣದಿದ್ದರೆ ಓದು ಬಿಡಿಸಿ, ಅದೇ ಶಾಲೆಯಲ್ಲಿ ಪಣತಿಗೆ ಬಣ್ಣ ಹಚ್ಚುವ ವಿಭಾಗಕ್ಕೆ ಹಾಕುವುದೆಂದು ನನ್ನ ಮಗ ನಿಶ್ಚಯಿಸಿದ್ದ.

ಶಾಲೆ ಬಿಟ್ಟ ಮೇಲೆ ಮನೆಯಲ್ಲೂ ಕಲಿಸಲು ಒಪ್ಪಿದ ಅಕ್ಕೋರು ಬಂದವರೇ ಕೇಳಿದ ಮೊದಲ ಪ್ರಶ್ನೆ: "ಈಕಿಗೆ ಯಾವ ಭಾಷೆದಾಗ ಬೈತೀರಿ?"

ಕನ್ನಡದಲ್ಲಿ ಎಂದೆವು.

"ಹಂಗಾದ್ರ ಕನ್ನಡಾನ ಕಲಸೂಣು."

ಕನ್ನಡಕ್ಕೆ ಮರಾಠಿಯ ಅಂಗಿ ತೊಡಿಸಿ ಅವರು ಬರೆದ ಚೀಟಿಗಳಲ್ಲಿ ಮೊದಲನೆಯದು 'ಚಹಾ'. ಎರಡನೆಯದು 'ಒಲ್ಲೆ'. ನಾನು ಪ್ರತಿಭಟಿಸಿದೆ. "ಅಲ್ರಿ ಅಕ್ಕೋರ, ಅ ಆ ಬಿಟ್ಟು ಇದೇನ್ರಿ?"

"ಬೇಕು ಅನ್ನೋದು ಮಾರಿ ನೋಡಿದ್ರ ತಿಳೀತದ ಅಜ್ಜಾರ. ಒಲ್ಲೆ ಅಂದ್ರ ಮಾತ್ರ ನೀವು ಹಟ ಅಂತೀರಿ."

ಇಡೀ ಶಬ್ದವನ್ನು ತೋರಿಸುವುದು, ಅದು ಯಾವ ವಸ್ತುವಿನದೋ ಅದನ್ನು ಕೈಗೆ ಕೊಡುವುದು, 'ಒಲ್ಲೆ'ಯಾದರೆ ಅವಳು ತಳ್ಳಿದ್ದನ್ನು ಆಚೆ ಒಯ್ಯುವುದು, ಆಮೇಲೆ ಕಾಯುವುದು. ಅವರು ಕಾಯುತ್ತಿದ್ದ ರೀತಿ... ಚಹಾ ಆರಿ ಕೆನೆಗಟ್ಟಿದರೂ ಹುಡುಗಿಯ ಕೈ ಚೀಟಿಯತ್ತ ಹೋಗುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ.

ದೀಪಾವಳಿ ಹತ್ತಿರ ಬಂತು. ಮಾರ್ಕೆಟ್ ಯಾರ್ಡಿನ ನಿವೃತ್ತ ಕಾರಕೂನನೆಂಬ ಘನತೆಯಿಂದ ಪರೀಕ್ಷಾಧಿಕಾರವನ್ನು ನಾನೇ ವಹಿಸಿಕೊಂಡೆ. ಚೀಟಿಗಳನ್ನು ಹರಡಿ, ಕನ್ನಡಕ ಏರಿಸಿ, "ಚಹಾ ಎಲ್ಲದ?" ಎಂದೆ. ಮೊಮ್ಮಗಳು 'ಒಲ್ಲೆ' ಎತ್ತಿ ಕೊಟ್ಟಳು. "ಚಂಡು ಎಲ್ಲದ?" ಮತ್ತೆ ಒಲ್ಲೆ. ಸಂಜೆಯವರೆಗೂ ಬೇರೆ ಉತ್ತರ ಹೊರಡಲಿಲ್ಲ. ನಾಪಾಸು ಎಂದು ಮಗನಿಗೆ ವರದಿ ಒಪ್ಪಿಸಿದೆ.

ಮರುದಿನ ಬಂದ ಅಕ್ಕೋರು ಅದನ್ನು ಕೇಳಿ, ಸೆರಗು ಬಾಯಿಗೊತ್ತಿಕೊಂಡು ನಕ್ಕರು. "ಪಾಸ್ ಆಗ್ಯಾಳ್ರಿ ಅಜ್ಜಾರ! ನಿಮ್ಮ ಪರೀಕ್ಷಾನ ಒಲ್ಲೆ ಅಂದಾಳ."

ಮಗ ನಗಲಿಲ್ಲ. "ಚೀಟಿ ಮ್ಯಾಲಿನ ಕಲೆ ನೋಡಿ ಗುರುತ ಹಿಡದಿರಬೇಕ್ರಿ" ಎಂದ.

ಅಕ್ಕೋರು ವಾದಿಸಲಿಲ್ಲ. ಹೊಸ ಕಾಗದ ತರಿಸಿ, ಎಲ್ಲ ಶಬ್ದಗಳನ್ನೂ ಮಗನ ಕೈಯಿಂದಲೇ ಬರೆಸಿದರು. ಚಹಾ ಬಂತು. ಹುಡುಗಿ ಬೆರಳಾಡಿಸಿ 'ಚಹಾ' ಎತ್ತಿದಳು, ಕುಡಿದಳು. ಆಮೇಲೆ ಅಕ್ಕೋರು ನನ್ನತ್ತ ತಿರುಗಿದರು. "ಈಗ ಪರೀಕ್ಷಾ ಸುರು ಮಾಡ್ರಿ."

ನಾನು ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡೆ, ಅಷ್ಟೇ. ಮೊಮ್ಮಗಳು ಚೀಟಿಗಳ ಮೇಲೆ ಬಾಗಿ, ತಡವಾಗಿ, ಒಂದನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟಳು. ಮಗ ಅದನ್ನು ತೆಗೆದುಕೊಂಡ. ತನ್ನದೇ ಅಕ್ಷರವನ್ನು ಬಹಳ ಹೊತ್ತು ನೋಡಿದ.

"ಅಪ್ಪಾ, ಏಳ್ರಿ ಇನ್ನ. ನಿಮಗ ರಜಾ ಕೊಟ್ಟಾಳ" ಎಂದು ಎದ್ದು ಒಳಗೆ ಹೋದ. ಪಣತಿಯ ಮಾತು ಮತ್ತೆ ಬರಲಿಲ್ಲ.

ಮಾತಾಡದವಳು ಓದುವಾಗ ಅವಳೊಳಗೆ ಯಾರ ದನಿ ಕೇಳುತ್ತದೆ? ಇದನ್ನು ಅಕ್ಕೋರನ್ನು ಕೇಳಬೇಕೆಂದಿದ್ದೆ. ಇವತ್ತು ನಾಳೆ ಎನ್ನುತ್ತ... ಹೋದ ವರ್ಷ ಅವರು ಕಾಯಿಲೆಯಿಂದ ತೀರಿಕೊಂಡರು. ಶಾಲೆಯಲ್ಲಿ ಇನ್ನಾರನ್ನಾದರೂ ಕೇಳಬಹುದು; ಆದರೆ ಹೀಗೆ ಕೇಳಿ ನಗೆಪಾಟಲಾಗಬೇಕೆನಿಸುವುದು ಅವರೆದುರಿಗೇ.

ಅವರ ಜಾಗಕ್ಕೆ ಬಂದವರಿಗೆ ಕನ್ನಡ ಬರುವುದಿಲ್ಲ. ಮೊಮ್ಮಗಳು ಈಗ ಅದೇ ಅಕ್ಷರಗಳಲ್ಲಿ ಮರಾಠಿ ಓದುತ್ತಾಳೆ.