ದೆಲ್ಮಿರಾ ಸಾಕಿದ ಅವ್ವ

ನಮ್ಮ ಪಕ್ಕದ ಮನೆಯ ದೆಲ್ಮಿರಾ ಒಂದು ಕಡೆ ನಿಂತವಳಲ್ಲ. ಮರಗೆಣಸು ಬೇಯಲಿಟ್ಟು ಪುರುಸ್ ಹೊಳೆಗೆ ಓಡುವಳು, ಹೊಳೆಯಿಂದ ತೋಟಕ್ಕೆ. ಗೆಣಸು ತಳ ಹಿಡಿದು ಕೇರಿಗೆಲ್ಲ ವಾಸನೆ ಬಡಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಸೊಂಟದ ಮೇಲೆ ಮಾತ್ರ ಸದಾ ಮಗಳು ಶಾವಾಂಡಿ. ಸತ್ತ ತಾಯಿಯ ಹೆಸರಿಟ್ಟಿದ್ದರಿಂದ ನಮ್ಮ ಶರನಾವಾ ಬುಡಕಟ್ಟಿನ ಪದ್ಧತಿಯಂತೆ ಮಗಳನ್ನು 'ಅವ್ವಾ' ಎಂದೇ ಕರೆಯುತ್ತಿದ್ದಳು. ನಾಲ್ಕು ತುಂಬಿದರೂ ಆ ಅವ್ವನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಏನಿದ್ದರೂ ಮೂಗಿನಲ್ಲೇ ಗುಂಯ್‌ಗುಡುವುದು.

"ಮೂಗಿಂದ ಅರ್ಧ ಮಾತು ಬಂದಾಯ್ತಲ್ಲೇ, ಇನ್ನರ್ಧ ಬರತ್ತೆ ಬಿಡು," ಎಂದೆ. ನಮ್ಮ ಭಾಷೆಯ ಒಂದೊಂದು ಸ್ವರಕ್ಕೂ ಮೂಗಿನಿಂದಲೇ ಹೇಳುವ ತಂಗಿಯೊಬ್ಬಳಿದ್ದಾಳೆ. ಆದರೆ ದೆಲ್ಮಿರಾಗೆ ಸಮಾಧಾನವೆಲ್ಲಿ? ಒಲೆಯ ಮುಂದೆ ಕೂರಿಸಿ, ಹಲ್ಲು ತಾಗಿಸದೆ ಬರೀ ತುಟಿಯಿಂದ, ಕೆಂಡ ಊದಿದ ಹಾಗೆ ಹೇಳುವ ಅಕ್ಷರ ಕಲಿಸುವಳು. ತುಟಿ ದುಂಡಗೆ ಮಾಡದೆ ಎನ್ನಬೇಕಾದ ಉಕಾರಕ್ಕೆ ಮಗುವಿನ ಬಾಯಿಯನ್ನು ಬೆರಳಿನಿಂದ ಅಗಲಿಸುವಳು. ಮಗು ಬೆರಳು ಕಚ್ಚುತ್ತಿತ್ತು.

"ನಿಮ್ಮವ್ವ ಸಾಯೋಕ್ ಮುಂಚೆ ಊರಿಗೆಲ್ಲ ಬೈದು ಇದ್ದಬದ್ದ ಮಾತೆಲ್ಲ ಖರ್ಚು ಮಾಡ್ಕೊಂಡ್ಲು. ಈಗೆಲ್ಲಿಂದ ತರ್ತಾಳೆ?" ಎಂದಳು ದೆಲ್ಮಿರಾಳ ಅತ್ತೆ. ಆ ಮುದುಕಿಯ ನಾಲಗೆಗೆ ನಾನೇ ಮೆಣಸಿನಕಾಯಿ ಅರೆಯಬೇಕೆನ್ನಿಸಿತು.

ಅಷ್ಟರಲ್ಲಿ ದೋಣಿಯಲ್ಲಿ ಬಂದ ಡಾಕ್ಟರು, ಮಾತು ಬಾರದ ಮಕ್ಕಳ ಹಾಸ್ಟೆಲ್ಲು ಪಟ್ಟಣದಲ್ಲಿದೆ, ಬಿಟ್ಟುಬನ್ನಿ ಎಂದರು. ಗಂಡ ಹೊರಾಸಿಯೊ ಹೂಂ ಎಂದು ತಲೆಯಾಡಿಸಿದ.

"ನನ್ನವ್ವನ್ನ ಗುರುತಿಲ್ಲದೋರ ಹತ್ರ ಬಿಡ್ತೀಯಾ?"

"ಇಲ್ಲಿಟ್ಕೊಂಡು ಏನ್ ಕಲಿಸ್ದೆ? ಕಚ್ಚೋದು!"

ಗಂಡನ ಮಾತೇ ನಡೆಯಿತು. ಮರುದಿನ ಬೆಳಗ್ಗೆ ದಡದಲ್ಲಿ ದೆಲ್ಮಿರಾಳ ಓಡಾಟ ನೋಡಲಾಗುತ್ತಿರಲಿಲ್ಲ. ಕಂಬಳಿ ಮರೆತೆನೆಂದು ಮನೆಗೆ, ಹುರಿದ ಕಡಲೆಕಾಯಿ ಮರೆತೆನೆಂದು ಮತ್ತೆ ಮನೆಗೆ. ದೋಣಿ ಹೊರಡದಿರಲೆಂದೇ ಮರೆಯುತ್ತಿದ್ದಳು. ಗಂಡ ಮೋಟಾರಿನ ಹಗ್ಗ ಎಳೆಯುತ್ತ ಗೊಣಗುತ್ತಿದ್ದ. ಮಗು ದೋಣಿಯಲ್ಲಿ ಕೂತು ಇದನ್ನೆಲ್ಲ ನೋಡಿ ನೋಡಿ ಬೇಸತ್ತಿತ್ತೋ ಏನೋ. ಅವಳು ಇನ್ನೊಮ್ಮೆ ದಡ ಹತ್ತಲು ತಿರುಗಿದಾಗ ಪಕ್ಕದ ಹಲಗೆಯನ್ನು ಅಂಗೈಯಿಂದ ಬಡಿಯಿತು.

"ಮಗಳೇ, ಕೂತ್ಕೊ ಅಂದ್ರೆ!"

ನಮ್ಮಲ್ಲಿ 'ಮಗಳೇ' ಎನ್ನುವ ಮಾತು ಆ ತುಟಿಯುಸಿರಿನಿಂದ ಶುರುವಾಗಿ ಆ ದುಂಡಗಾಗದ ಸ್ವರದಲ್ಲಿ ಮುಗಿಯುತ್ತದೆ. ಎರಡೂ ಚೊಕ್ಕವಾಗಿದ್ದವು. ಹೊರಾಸಿಯೊ ಹಗ್ಗ ಕೈಬಿಟ್ಟ.

ದೆಲ್ಮಿರಾ ನಿಂತಲ್ಲೇ, ಕೆಸರಿನಲ್ಲೇ ಕೂತುಬಿಟ್ಟಳು. ಮಗು ಮಾತಾಡಿತೆಂದು ಅತ್ತಳು ಅಂದುಕೊಂಡೆವು. ಅವಳು ಅಳುತ್ತಿದ್ದುದು ಅದಕ್ಕಲ್ಲ. ತಾಯಿ ಸತ್ತ ಮೇಲೆ ಅವಳನ್ನು ಯಾರೂ ಮಗಳೇ ಎಂದಿರಲಿಲ್ಲ.