ಹೊರಟವರನ್ನು ಕೇಳಬಾರದ ಪ್ರಶ್ನೆ

ನನಗೆ ಭಾನುವಾರ ಮನೆಯಲ್ಲಿ ಕೂರಲು ಬರುವುದಿಲ್ಲ. ಇದನ್ನು ನಾನು ಹವ್ಯಾಸ ಎನ್ನುತ್ತೇನೆ, ನನ್ನ ಹೆಂಡತಿ ವಿಮಲಾ ಕಾಯಿಲೆ ಎನ್ನುತ್ತಾಳೆ. ಶ್ರೀರಂಗಪಟ್ಟಣದ ನಮ್ಮ ಬೀದಿಯವರು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ತಿಂಡಿಯ ತಟ್ಟೆ ತೊಳೆದಿಡುವಷ್ಟರಲ್ಲಿ ನನ್ನ ಕಾಲು ತುರಿಸತೊಡಗುತ್ತದೆ. ಫ್ಲಾಸ್ಕಿಗೆ ಕಾಫಿ, ಡಬ್ಬಿಗೆ ಚಿತ್ರಾನ್ನ ತುಂಬಿಸಿಕೊಂಡು ಪಾಂಡವಪುರದ ಕಡೆಗೋ ಕೆ.ಆರ್. ಪೇಟೆಯ ಕಡೆಗೋ ಕಾರು ತಿರುಗಿಸಬೇಕು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ, ಉಳಿದ ವಾರವೆಲ್ಲ ಸಾಧಾರಣ ಮನುಷ್ಯನಂತೆ ಇರುತ್ತೇನೆ.

ಅರ್ಧ ಆಯುಸ್ಸನ್ನು ಬೋಟ್ಸ್ವಾನಾದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ ಕಳೆದೆ. ರಜೆ ಸಿಕ್ಕಿದರೆ ಅಲ್ಲಿ ಎಲ್ಲರೂ ಎಲ್ಲಿಗಾದರೂ ಹೊರಡುತ್ತಾರೆ. ನಾವೂ ಹೊರಡುವುದನ್ನು ಕಲಿತೆವು. ಒಣಗಿದ ಹೊಳೆಯ ದಡದಲ್ಲಿ ಕಂಬಳಿ ಹಾಸಿ ಕೂತು, ನಾನು ವಿಮಲಾಳಿಗೆ ನಮ್ಮ ಕಡೆಯ ನಾಲೆಗಳನ್ನು ಬಣ್ಣಿಸುತ್ತಿದ್ದೆ. ಈಗ ಬೂಕನಕೆರೆಯ ಹತ್ತಿರ ತುಂಬಿದ ನಾಲೆಯ ಏರಿಯ ಮೇಲೆ ಅದೇ ಕಂಬಳಿ ಹಾಸಿ, ಆ ಒಣಗಿದ ಹೊಳೆ ಎಷ್ಟು ಚೆನ್ನಾಗಿತ್ತೆಂದು ಬಣ್ಣಿಸುತ್ತೇನೆ. "ನಿಮಗೆ ಎದುರಿಗಿರುವ ನೀರು ಕಾಣಿಸೋದೇ ಇಲ್ವಲ್ಲ," ಎನ್ನುತ್ತಾಳೆ ಅವಳು. ಮರಳಿ ಬಂದವರ ಕಣ್ಣಿನ ದೋಷ ಇದೇ ಇರಬೇಕು. ಚಾಳೀಸಿಗೆ ಕನ್ನಡಕವಿದೆ, ಇದಕ್ಕಿಲ್ಲ.

ನಮ್ಮ ಸೀಮೆಯ ಜನಕ್ಕೆ ಸುಮ್ಮನೆ ತಿರುಗಾಡುವುದು ಎಂಬ ಕ್ರಿಯೆ ಅರ್ಥವಾಗುವುದಿಲ್ಲ. ಮನುಷ್ಯನೊಬ್ಬ ಇನ್ನೊಂದು ಊರಿಗೆ ಹೋದನೆಂದರೆ ಅಲ್ಲಿ ಅವನ ನೆಂಟರಿರಬೇಕು, ಇಲ್ಲವೇ ಹರಕೆಯಿರಬೇಕು, ಇಲ್ಲವೇ ಸಂತೆಯಿರಬೇಕು. ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿಯ ಮುಂದೆ ನಾವು ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು ನಿಂತೇಬಿಟ್ಟರು.

"ಯಾರ್ ಮನೇಗ್ ಬಂದಿದ್ರಿ?"

"ಯಾರ ಮನೆಗೂ ಇಲ್ಲ. ಗುಡಿ ನೋಡೋಣ ಅಂತ."

"ಅರಕೆ ಇತ್ತಾ?"

"ಇಲ್ಲ, ಸುಮ್ನೆ."

ಅವರು ನಮ್ಮ ಕಾರನ್ನು ನೋಡಿದರು, ವಿಮಲಾಳನ್ನು ನೋಡಿದರು, ಆಮೇಲೆ ದನಿ ತಗ್ಗಿಸಿ, "ಜಮೀನ್ ನೋಡಕ್ ಬಂದಿದ್ರೆ ಯೋಳಿ ಸ್ವಾಮಿ, ನಮ್ ಬಾಮೈದಂದು ಐತೆ," ಎಂದರು. ಸುಮ್ಮನೆ ಎಂಬ ಉತ್ತರವನ್ನು ಯಾರೂ ನಂಬುವುದಿಲ್ಲ. ನಂಬಿಸಲು ಹೋದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಆ ಗುಡಿಯ ಬಗ್ಗೆ ನನಗೊಂದು ಬಾಲ್ಯದ ನೆನಪಿತ್ತು. ಅದರ ಪ್ರಕಾರ ಅಲ್ಲಿರುವುದು ಮೂರು ಗರ್ಭಗುಡಿಗಳು. ಹೋಗಿ ನೋಡಿದರೆ, ಹೆಸರೇ ಸಾರುವ ಹಾಗೆ, ಸಾಲಾಗಿ ಐದು. "ನೀವು ಆಫ್ರಿಕಾದಲ್ಲಿದ್ದಾಗ ಹೊಯ್ಸಳರು ಬಂದು ಇನ್ನೆರಡು ಕಟ್ಟಿ ಹೋಗಿರಬೇಕು," ಎಂದಳು ವಿಮಲಾ. ಸಂತೆಬಾಚಹಳ್ಳಿಯ ಸಂತೆಯಲ್ಲಿ ನಾನು ಚಿಕ್ಕಂದಿನಲ್ಲಿ ಕೂತಿದ್ದ ಹುಣಸೆಮರವನ್ನು ಹುಡುಕಿಕೊಂಡು ಹೋದರೆ, ಅಲ್ಲಿ ಹುಣಸೆಮರ ಎಂದೂ ಇರಲಿಲ್ಲವೆಂದು ಹಿರಿಯರೊಬ್ಬರು ಹೇಳಿದರು. ಕಾಲೇಜಿನಲ್ಲಿ ನನ್ನ ಮೊದಲ ಪಾಠವೇ ಇದಾಗಿತ್ತು: ಅಳೆಯುವ ಮೊದಲು ಅಳತೆಯ ಉಪಕರಣದಲ್ಲೇ ದೋಷವಿದೆಯೇ ನೋಡಿ, ಆ ದೋಷವನ್ನು ಕಳೆದು ಲೆಕ್ಕ ಬರೆಯಿರಿ. ದೇವರನ್ನು, ಜಾತಕವನ್ನು, ವರದಿಗಾರರನ್ನು ಅನುಮಾನಿಸುತ್ತ ಬಂದ ನಾನು ತಲೆಯೆಂಬ ಸ್ವಂತ ಉಪಕರಣವನ್ನು ಮಾತ್ರ ಅನುಮಾನಿಸಿರಲಿಲ್ಲ. ಊರಿಗೆ ಬಂದ ಮೇಲೆ ಆ ಕೆಲಸವನ್ನು ಊರೇ ವಹಿಸಿಕೊಂಡಿದೆ.

ಅಂಥ ಒಂದು ದೋಷದಿಂದಲೇ ಈ ಸಲದ ಫಜೀತಿ ಆದದ್ದು.

ನಮ್ಮ ಪಕ್ಕದ ಮನೆ ಮಂಜಾಚಾರ್ ಅವರದು. ಬಾಗಿಲು ಕಿಟಕಿ ಮಾಡುವ ಕೆಲಸ. ಅವರ ತಾಯಿ ಕಾಳಮ್ಮ ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವರು. ಬೀದಿಗೆಲ್ಲ ನಾನು ಮೇಷ್ಟ್ರಾದರೂ ಅವರಿಗೆ ಸೀನಪ್ಪನೇ. ಮಂಜಾಚಾರ್ ಅವರ ಮಗಳು ಸವಿತಾ ಪಾಂಡವಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ನಾಗಮಂಗಲದಿಂದ ಗಂಡು ಬಂದು ಅವಳನ್ನು ನೋಡಿ ಒಪ್ಪಿ ಹೋಗಿತ್ತು. ಇನ್ನು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುವುದು ಬಾಕಿ. ಒಂದು ಭಾನುವಾರ ಬೆಳಿಗ್ಗೆ ಅವರ ಮನೆ ಮುಂದೆ ವ್ಯಾನು ನಿಂತಿತ್ತು. ಹಣ್ಣಿನ ಬುಟ್ಟಿ ಅದರೊಳಗೆ ಹೋಗಿತ್ತು. ಕಾಳಮ್ಮನವರು ಜರತಾರಿ ಸೀರೆಯಲ್ಲಿ, ವ್ಯಾನಿನ ಮೆಟ್ಟಿಲ ಮೇಲೆ ಬಲಗಾಲು ಇಟ್ಟಿದ್ದರು. ನಾನೂ ನನ್ನ ಸುತ್ತಾಟಕ್ಕೆ ಕಾರು ತೆಗೆಯುತ್ತಿದ್ದವನು, ಕಿಟಕಿಯಿಂದ ತಲೆ ಹಾಕಿ, ಬೀದಿಯೆಲ್ಲ ಕೇಳುವ ಹಾಗೆ, ತುಂಬು ಪ್ರೀತಿಯಿಂದ ಕೂಗಿದೆ:

"ಏನ್ ಮಂಜಾಚಾರ್ರೇ, ಎಲ್ಲಾ ಸೇರ್ಕೊಂಡು ಎಲ್ಲಿಗೆ ಹೊರಟ್ರಿ?"

ಕಾಳಮ್ಮನವರು ಮೆಟ್ಟಿಲಿಂದ ಕಾಲು ಕೆಳಗಿಳಿಸಿದರು.

"ಅಯ್ಯೋ ಸೀನಪ್ಪಾ! ಶುಭಕ್ಕೆ ಒಂಟೋರ್ನ ಎಲ್ಲಿಗೆ ಅಂತ ಕೇಳ್ಬುಟ್ಟಲ್ಲಪ್ಪಾ! ಅಷ್ಟು ಓದೀಯೆ, ದೂರಾನಾ ಅಂತ ಕೇಳ್ಬೇಕು ಅಂತ ಗೊತ್ತಿಲ್ವಾ? ಇಳೀರ್ಲಾ ಎಲ್ಲಾ. ಒಳೀಕ್ ಬನ್ನಿ, ಕೂತ್ಕಳಿ, ಒಸಿ ನೀರ್ ಕುಡ್ದು ಒಂಡಣ."

ಎಲ್ಲರೂ ಇಳಿದರು. ಒಳಗೆ ಹೋದರು. ಕೂತರು. ನೀರು ಕುಡಿದರು. ಹಣ್ಣಿನ ಬುಟ್ಟಿಯೂ ಇಳಿದು ಒಳಗೆ ಹೋಗಿ ಬಂತು. ವ್ಯಾನು ಹೊರಡುವ ಹೊತ್ತಿಗೆ ಬಿಸಿಲೇರಿತ್ತು, ಮುಖಗಳು ಇಳಿದಿದ್ದವು. ಸವಿತಾ ಮಾತ್ರ ನನ್ನ ಕಡೆ ನೋಡಿ, ಪರವಾಗಿಲ್ಲ ಎನ್ನುವ ಹಾಗೆ ನಕ್ಕಳು. ಅವಳ ಆ ನಗುವೇ ನನಗೆ ಹೆಚ್ಚು ಚುಚ್ಚಿತು.

ನನ್ನ ಪರವಾಗಿ ಎರಡು ಮಾತಿದೆ. ನಾನಿದ್ದ ನಾಡಿನಲ್ಲಿ ಎದುರಿಗೆ ಸಿಕ್ಕಿದವರನ್ನು ಎಲ್ಲಿಗೆ ಹೊರಟೆ ಎಂದು ವಿಚಾರಿಸುವುದೇ ಮರ್ಯಾದೆ. ಕ್ಷೇಮವಾಗಿದ್ದೀಯಾ ಎಂಬುದಕ್ಕೂ ಅವರು ಎಲ್ಲಿದ್ದೀಯ ಎಂದೇ ಕೇಳುತ್ತಾರೆ. ಇಲ್ಲೇ ಇದ್ದೇನೆ ಎಂದರೆ ಚೆನ್ನಾಗಿದ್ದೇನೆ ಎಂದಂತೆ. ಅಷ್ಟು ವರ್ಷ ಹೀಗೆ ಕೇಳಿ ಕೇಳಿ ನಾಲಿಗೆ ಅದಕ್ಕೇ ಪಳಗಿತ್ತು. ಇನ್ನೊಂದು ಮಾತೆಂದರೆ, ನಮ್ಮ ತಾತ ಜಗುಲಿಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಎಲ್ಲಿಗೆ ಎಂದೇ ಕೇಳುತ್ತಿದ್ದರೆಂದು ನನಗೆ ಚೆನ್ನಾಗಿ ನೆನಪಿತ್ತು. ಇದನ್ನು ಕಾಳಮ್ಮನವರಿಗೆ ಹೇಳಿದೆ. "ನಿಮ್ ತಾತ್ನೋರಾ? ದೂರಕ್ಕಾ, ಅನ್ನೋರು. ಅದೂ ಮೆತ್ತಗೆ. ನಿನ್ನಂಗೆ ಅರಚ್ತಿರ್ನಿಲ್ಲ," ಎಂದರು. ಹುಣಸೆಮರದ ಗತಿಯೇ ತಾತನಿಗೂ ಆಯಿತು.

ಆ ವಾರ ನಾಗಮಂಗಲದಿಂದ ಸುದ್ದಿ ಬರಲಿಲ್ಲ. ಮರುವಾರವೂ ಇಲ್ಲ. ಬೀದಿಯವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಾನು ಬರುವುದನ್ನು ಕಂಡರೆ ಚೀಲ ಹಿಡಿದು ಹೊರಟವರು ಬಾಗಿಲಲ್ಲೇ ತಡೆದು ನಿಲ್ಲತೊಡಗಿದರು. ಮಂಜಾಚಾರ್ ಮನೆಯಿಂದ ನಮಗೆ ತಪ್ಪದೆ ಬರುತ್ತಿದ್ದ ಉಪ್ಸಾರಿನ ಬಟ್ಟಲು ಬರುವುದು ನಿಂತಿತು. ನಾನು ವಿಮಲಾಳಿಗೆ ವಿವರಿಸಿದೆ: ಬಾಯಿಂದ ಹೊರಟ ಶಬ್ದ ಗಾಳಿಯಲ್ಲಿ ಬೀದಿಯ ತುದಿ ದಾಟಿ ಹೋಗಲಾರದು, ನಾಗಮಂಗಲದಲ್ಲಿ ಕೂತ ಬೀಗರ ಮನಸ್ಸನ್ನು ಅದು ತಿರುಗಿಸುವುದು ಹೇಗೆ? "ಇದನ್ನ ಸವಿತಂಗೆ ಹೇಳಿ," ಎಂದಳು.

ಹೇಳುವ ಮೊದಲೇ ಸವಿತಾ ಒಂದು ಸಂಜೆ ಕಾಂಪೌಂಡಿನ ಹತ್ತಿರ ಬಂದು ನಿಂತಳು. "ಅಂಕಲ್, ನೀವೇನೂ ಬೇಜಾರ್ ಮಾಡ್ಕೋಬೇಡಿ. ನಾನಂತೂ ಅದನ್ನೆಲ್ಲ ನಂಬಲ್ಲ." ಆಮೇಲೆ ಗೋಡೆಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತ, "ಆದ್ರೆ ದಿನಾ ಬೆಳಿಗ್ಗೆ ಅವರಿಂದ ಒಂದು ಗುಡ್ ಮಾರ್ನಿಂಗ್ ಮೆಸೇಜ್ ಬರ್ತಿತ್ತು. ಅದೂ ನಿಂತೋಯ್ತು," ಎಂದಳು.

"ನೀನೇ ಒಂದು ಕಳಿಸಬಾರದಾ?"

"ಮೇಲೆ ಬಿದ್ದು ಹೋದಂಗಾಗಲ್ವಾ ಅಂಕಲ್?"

ಆ ರಾತ್ರಿ ಊಟದ ಹೊತ್ತಿಗೆ ನನ್ನ ಭೌತಶಾಸ್ತ್ರ ನನಗೇ ರುಚಿಸಲಿಲ್ಲ. ಹುಡುಗಿ ನಾಗಮಂಗಲದ ಹುಡುಗನನ್ನು ಇಷ್ಟಪಟ್ಟಿದ್ದಾಳೆಂದು ಸ್ಪಷ್ಟವಾಗಿತ್ತು. ನನ್ನ ಪ್ರಶ್ನೆಗೂ ಆ ಮೌನಕ್ಕೂ ಸಂಬಂಧವಿಲ್ಲವೆಂದು ನಾನು ಸಾಧಿಸಬಲ್ಲೆ. ಸಾಧಿಸಿದರೆ ಅವಳ ಫೋನು ಮಿಣುಕುತ್ತದೆಯೇ?

ಮರುದಿನ ಮಂಜಾಚಾರ್ ಬಂದರು. ಅವರ ಮಾತಿನಲ್ಲಿ ಬಾಗಿಲಿನಂತೆಯೇ ಬೇಡದ ಕೆತ್ತನೆ ಇರುವುದಿಲ್ಲ. "ಮೇಷ್ಟ್ರೇ, ನಾವಾಗೇ ಫೋನ್ ಮಾಡಿದ್ರೆ ಎಣ್ಣಿನ್ ಕಡೇವ್ರು ಗೋಗರೀತಾವ್ರೆ ಅನ್ಕತಾರೆ. ನೀವೆಂಗಿದ್ರೂ ವಾರ್ವಾರ ಸುಮ್ಸುಮ್ನೆ ಸುತ್ತೋರು. ಈ ಸಲ ನಾಗಮಂಗ್ಲದ್ ಕಡೆ ಸುತ್ಬುಡಿ. ದೇವಸ್ಥಾನ ನೋಡಕ್ ಬಂದೋ, ಅಂಗೇ ದೀಪದ್ ಕಂಬ ನೋಡಕ್ ಬಂದೋ ಅಂತ ಅವರ ಮನೇಗ್ ನುಗ್ಗಿ. ನೀವ್ ಯೋಳುದ್ರೆ ನಂಬ್ತಾರೆ."

ಅಷ್ಟು ದಿನ ಯಾರೂ ನಂಬದಿದ್ದ ನನ್ನ ಸುಮ್ಮನೆಗೆ ಮೊದಲ ಬಾರಿಗೆ ಒಂದು ಉದ್ಯೋಗ ಸಿಕ್ಕಿತು. ಕೂಡಲೇ ಅದು ಸುಮ್ಮನೆಯಾಗಿ ಉಳಿಯಲಿಲ್ಲ ಎಂಬುದು ಬೇರೆ ಮಾತು.

ಭಾನುವಾರ ಪಾಂಡವಪುರ ದಾಟಿ, ಕಬ್ಬಿನ ಗದ್ದೆಗಳ ನಡುವೆ ಹೋಗುವಾಗ ಯಾವುದೋ ಆಲೆಮನೆಯಿಂದ ಬೆಲ್ಲದ ಪಾಕದ ವಾಸನೆ ಬಂತು. ಬೇರೆ ದಿನವಾಗಿದ್ದರೆ ನಿಲ್ಲಿಸುತ್ತಿದ್ದೆ. ಅವತ್ತು ಕಾರಿನಲ್ಲೇ ಸುಳ್ಳನ್ನು ಅಭ್ಯಾಸ ಮಾಡುತ್ತಿದ್ದೆ. ಗಂಡಿನ ತಂದೆ ವೀರಭದ್ರಾಚಾರ್ ಕಂಚಿನ ದೀಪ, ವಿಗ್ರಹ ಎರಕ ಹೊಯ್ಯುವವರು. ಮನೆಯ ಹಿಂದೆ ಕುಲುಮೆ, ಅಂಗಳದಲ್ಲಿ ಒಣಗಲು ಇಟ್ಟ ಮಣ್ಣಿನ ಅಚ್ಚುಗಳು. "ದೀಪ ನೋಡೋಣ ಅಂತ ಬಂದ್ವಿ, ಸುಮ್ನೆ," ಎಂದೆ.

"ಎಲ್ಲಿಂದ ಬಂದ್ರಿ ಸ್ವಾಮಿ?"

"ಶ್ರೀರಂಗಪಟ್ಟಣ."

"ಯಾವ್ ಬೀದಿ?"

ಬೀದಿಯ ಹೆಸರು ಹೇಳಿದೆ. ನನ್ನ ಸುಳ್ಳಿನ ಆಯುಸ್ಸು ಅಷ್ಟಕ್ಕೇ ಮುಗಿಯಿತು. ವೀರಭದ್ರಾಚಾರ್ ಒಳಗೆ ತಿರುಗಿ, "ಲೇ, ಒಸಿ ಬಾಯಿಲ್ಲಿ, ಮಂಜಾಚಾರ್ ಕಡೇವ್ರು ಬಂದವ್ರೆ!" ಎಂದು ಹೆಂಡತಿಯನ್ನು ಕರೆದರು. ಚಾಪೆ ಬಂತು, ನೀರು ಬಂತು, ಇಬ್ಬರೂ ಎದುರಿಗೆ ಕೂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನೊಂದವರ ಸೌಜನ್ಯ ಇತ್ತು.

"ನೋಡಿ ಸ್ವಾಮಿ, ಒಪ್ಗೆ ಇಲ್ದಿದ್ರೆ ಇಲ್ಲ ಅಂತ ಯೋಳ್ಬುಡ್ಲಿ. ನಮ್ದೇನು ಬೇಜಾರಿಲ್ಲ. ಮನೆ ನೋಡ್ಕಂಡ್ ಓದೋರು ಅವ್ರು. ಒಪ್ಗೆ ಆಯ್ತೋ ಬುಡ್ತೋ ಅವರಲ್ವಾ ಯೋಳ್ಬೇಕಾದ್ದು?"

"ಅವರು ನಿಮ್ಮ ಫೋನಿಗೆ ಕಾಯ್ತಿದ್ದಾರೆ," ಎಂದೆ.

"ನಮ್ ಫೋನ್‌ಗಾ?" ಎಂದರು ಅವರ ಹೆಂಡತಿ. "ಅವತ್ತು ಅವರ ಮುಕ ನೋಡ್ಬೇಕಿತ್ತು ನೀವು. ಬಂದಿದ್ದೇ ಒತ್ತು ಮೀರಿ. ಒಬ್ರ ಬಾಯಲ್ಲೂ ಮಾತಿಲ್ಲ. ಆ ಅಜ್ಜಮ್ಮ ಕೇಸರಿಬಾತ್ನ ಮುಟ್ಟಿ ಅಂಗೇ ಮಡಗ್ಬುಟ್ರು. ಕುಲುಮೆ ಮನೆ ಅಂತ ಅಸಯ್ಯ ಪಟ್ಕಂಡ್ರೇನೋ ಅನ್ಕಂಡೋ. ನನ್ ಮಗ ಅವತ್ನಿಂದ ಫೋನ್ ಜೇಬ್ಗಾಕ್ಬುಟ್ಟು ತೆಗೀದಂಗೆ ಓಡಾಡ್ತಾವ್ನೆ."

ನಾನು ವಿಮಲಾಳ ಮುಖ ನೋಡಿದೆ. ಅವಳು ಕುಲುಮೆಯ ಕಡೆ ನೋಡತೊಡಗಿದಳು. ನನ್ನ ಶಬ್ದ ಬೀದಿಯ ತುದಿಯಲ್ಲೇ ನಿಂತುಹೋಗಿತ್ತು, ನಿಜ. ಆದರೆ ಅದು ಕಾಳಮ್ಮನವರ ಎದೆಯಲ್ಲಿ ವ್ಯಾನು ಹತ್ತಿ, ಪಾಂಡವಪುರ ದಾಟಿ ಇಲ್ಲಿಗೆ ಬಂದು ಇಳಿದಿತ್ತು. ಕೆಡುಕಾಗುತ್ತದೆಂಬ ಭಯ ಮುಖವನ್ನು ಕೆಡಿಸಿತ್ತು. ಕೆಟ್ಟ ಮುಖ ಬೀಗರ ಮನಸ್ಸನ್ನು ಕೆಡಿಸಿತ್ತು. ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲವೆಂಬ ನಂಬಿಕೆಗೆ ಆಧಾರವೇ ಇಲ್ಲವೆಂದು ವಾದಿಸುತ್ತ ಬಂದವನಿಗೆ, ಆ ಆಧಾರ ತಾನೇ ಎಂದು ತಿಳಿಯುವುದು ಅಷ್ಟೇನೂ ಹಿತವಾದ ಅನುಭವವಲ್ಲ.

"ಅವತ್ತು ನಾನೊಂದು ತಪ್ಪು ಮಾಡಿದೆ," ಎಂದು ಶುರು ಮಾಡಿ, ಕಾರಿನ ಕಿಟಕಿಯಿಂದ ಕೂಗಿದ್ದನ್ನೂ ಹಣ್ಣಿನ ಬುಟ್ಟಿ ಇಳಿದದ್ದನ್ನೂ ಹೇಳಿದೆ. ವೀರಭದ್ರಾಚಾರ್ ಬಾಯಿ ತೆರೆದು ಕೇಳಿದರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು.

"ಒಂಟೋರ್ನ ಎಲ್ಲಿಗೆ ಅಂತ ಕೇಳುದ್ರಾ? ಅದೂ ಕೂಗಿ? ಅಯ್ಯೋ ಶಿವ್ನೇ, ಅಂಗಾದ್ರೆ ಅವ್ರು ಇಲ್ಲೀಗಂಟ ಬಂದಿದ್ದೇ ಎಚ್ಚು ಬುಡಿ!"

ವೀರಭದ್ರಾಚಾರ್ ಅಲ್ಲೇ ಫೋನು ಹಚ್ಚಿ ಚಾಪೆಯ ಮೇಲಿಟ್ಟರು. ಮಂಜಾಚಾರ್ ಅವರ "ಅಲೋ" ಮುಗಿಯುವ ಮೊದಲೇ ಆ ಕಡೆ ಕಾಳಮ್ಮನವರು ಅದನ್ನು ಕಿತ್ತುಕೊಂಡದ್ದು ಕೇಳಿಸಿತು. ವೀರಭದ್ರಾಚಾರ್ ಅವರ ಹೆಂಡತಿ ಮೊದಲು ಎತ್ತಿದ್ದೇ ತಿನ್ನದೆ ಉಳಿಸಿದ ಕೇಸರಿಬಾತಿನ ದೂರನ್ನು. "ಕೇಸರಿಬಾತ್ ಚೆಂದಾಗೇ ಇತ್ತು ಕಣಮ್ಮಾ. ಈ ಸೀನಪ್ಪನ್ ದೆಸೆಯಿಂದ ನನ್ ಗಂಟ್ಲಲ್ಲಿ ಇಳೀನಿಲ್ಲ." ಎರಡು ಮನೆಯವರೂ ಒಟ್ಟಿಗೆ ಮಾತಾಡಿದರು, ಒಟ್ಟಿಗೆ ನಕ್ಕರು, ಒಟ್ಟಿಗೆ ನನ್ನನ್ನು ಬೈದರು. ಸಂಬಂಧ ಕುದುರಿತು. ಕುಲುಮೆಯ ಮಗ್ಗುಲಲ್ಲಿ ನಿಂತಿದ್ದ ಅವರ ಮಗ ಜೇಬಿನಿಂದ ಫೋನು ತೆಗೆದು, ಮಟಮಟ ಮಧ್ಯಾಹ್ನದಲ್ಲಿ, ಗುಡ್ ಮಾರ್ನಿಂಗ್ ಎಂದು ಒತ್ತಿದ್ದನ್ನು ವಿಮಲಾ ನೋಡಿದಳಂತೆ. ನಾನು ನೋಡಲಿಲ್ಲ, ಆದರೂ ನೋಡಿದ್ದೆನೆಂದೇ ಮುಂದೆ ನೆನಪಾಗುವ ಸಂಭವವಿದೆ.

ವಾಪಸು ಬರುವಾಗ ವಿಮಲಾ, "ಮೇಲುಕೋಟೆ ಕಡೆ ತಿರುಗಿಸೋಣವಾ?" ಎಂದಳು. ಬೇಡವೆಂದೆ. ಎಷ್ಟೋ ವರ್ಷ ಸುತ್ತಾಡಿದವನು ನಾನು. ಯಾವಾಗ ಬರುತ್ತಾನೆಂದು ಬೀದಿಯೊಂದು ಬಾಗಿಲಲ್ಲಿ ನಿಂತು ಕಾಯುವ ಹಾಗೆ ಎಲ್ಲಿಂದಲೂ ಮರಳಿರಲಿಲ್ಲ. ಆಲೆಮನೆಯ ಹತ್ತಿರವೂ ನಿಲ್ಲಿಸಲಿಲ್ಲ.

ಬೀದಿಯಲ್ಲಿ ಕಾರು ನಿಂತಾಗ ಕಾಳಮ್ಮನವರು ಎದ್ದು ಬಂದರು. ಸವಿತಾ ಅವರ ಬೆನ್ನ ಹಿಂದೆ ಫೋನಿನಲ್ಲಿ ಮುಖ ಹುದುಗಿಸಿ ನಿಂತಿದ್ದಳು.

"ಸೀನಪ್ಪಾ, ಇನ್ನೊಂದ್ ಮಾತು ಈಗ್ಲೇ ಯೋಳ್ಬುಡ್ತೀನಿ. ಮದ್ವೆಗೆ ಬಸ್ಸು ಒಂಡೋವಾಗ ನೀನು ಈ ಬೀದೀಲಿ ನಿಂತಿರ್ಕೂಡ್ದು."

ನನ್ನ ಮುಖ ಬಾಡಿರಬೇಕು. ಅವರು ಮುಂದುವರಿಸಿದರು.

"ಎಲ್ರಿಗಿಂತ ಮುಂಚೆ ಬಸ್ ಅತ್ತಿ ಕೂತ್ಕಬೇಕು. ಡ್ರೈವರ್ ಇಂದ್ಗಡೆ ಸೀಟು ನಿಂದೇ. ಒಳಗಿರೋನು ಎಲ್ಲಿಗೆ ಅಂತ ಯಾಕ್ ಕೇಳಾನು?"

ಈ ತರ್ಕದಲ್ಲಿ ಒಂದು ಬಿರುಕಾದರೂ ಸಿಗುತ್ತದೆಯೇ ಎಂದು ಅಭ್ಯಾಸಬಲದಿಂದ ಹುಡುಕಿದೆ. ಸಿಗಲಿಲ್ಲ. ಊರಿಗೆ ಬಂದ ಮೇಲೆ ನನಗಾಗಿ ಯಾರೋ ಹಿಡಿದಿಟ್ಟ ಮೊದಲ ಸೀಟು ಅದು. ಕೊಟ್ಟ ಕಾರಣ ಏನೇ ಇರಲಿ, ಎರಡು ಮಾತಾಡದೆ ಒಪ್ಪಿಕೊಂಡೆ.