ಬೇವಿನ ಮೂಲೆಯ ಜಾಗ

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನಿಗೆ ನಿವೃತ್ತಿಯಾದರೂ ವೇಳೆ ಬಿಡುವುದಿಲ್ಲ. ಈಗ ಮೋರಖಂಡಿಯಲ್ಲಿದ್ದೇನೆ. ಬೆಳಗ್ಗೆ ಐದಕ್ಕೆ ಏಳುತ್ತೇನೆ, ಚಹಾ ಕುಡಿಯುತ್ತೇನೆ, ಹೊಲದ ದಾರಿ ಹಿಡಿಯುತ್ತೇನೆ.

ನಡಿಗೆ ಮುಗಿಯುವುದು ಕಲ್ಲಗುಂಪಿನ ಹತ್ತಿರ. ದೊಡ್ಡ ಕೆಂಪು ಬಂಡೆಗಳು ದುಂಡಗೆ ಕುಳಿತಿವೆ, ನಡುವೆ ಸಣ್ಣ ಕಲ್ಲುಗಳ ದಿಬ್ಬ. ಬರವಣಿಗೆ ತಿಳಿಯದ ಕಾಲದ ಜನ ತಮ್ಮವರನ್ನು ಮಣ್ಣು ಮಾಡಿದ ಜಾಗ ಇದು ಎಂದು ಪುರಾತತ್ವ ಇಲಾಖೆಯ ನೀಲಿ ಫಲಕ ಹೇಳುತ್ತದೆ.

ಪಕ್ಕದ ತೊಗರಿ ಹೊಲ ನನ್ನ ಗೆಳೆಯನದು. ಲಿಂಗಾಯತರಾದ ಅವರ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ, ಕುಳಿತ ಭಂಗಿಯಲ್ಲಿ, ಉತ್ತರಕ್ಕೆ ಮುಖ ಮಾಡಿ ಮಣ್ಣು ಮಾಡುತ್ತಾರೆ. ಅವನ ಹೆಂಡತಿಯನ್ನು ಬೇವಿನ ಗಿಡದ ಬುಡದಲ್ಲಿ ಕೂರಿಸಿದ್ದರು. ಮಗ್ಗುಲಿನ ಜಾಗವನ್ನು ಅವನು ತನಗೆಂದು ಬಿಟ್ಟುಕೊಂಡಿದ್ದ. ಅಲ್ಲಿ ಒಂದು ಕಾಳೂ ಬಿತ್ತುತ್ತಿರಲಿಲ್ಲ.

ಹೋದ ವರ್ಷ ತಂತಿ ಬೇಲಿ ಹಾಕುವ ಮೊದಲು ಇಲಾಖೆಯವರು ಅಳತೆ ಮಾಡಿಸಿದರು. ಬೇವಿನ ಮೂಲೆ ಗೆಳೆಯನದಲ್ಲ, ಸರ್ಕಾರದ್ದು. ಅವನ ಅಪ್ಪನ ಕಾಲದಿಂದಲೂ ನೇಗಿಲು ಸಾಲುಸಾಲಾಗಿ ಆಚೆ ಸರಿಯುತ್ತಾ ಹೋಗಿತ್ತು. ಸಮಾಧಿ ಬೇಲಿಯೊಳಗೆ ಸೇರಿತು. ಹೂವು ಏರಿಸಬಹುದು, ಅಗೆಯುವಂತಿಲ್ಲ ಎಂದರು.

ಗೆಳೆಯ ಒಂದು ಬೆಳಗ್ಗೆ ಬೇಲಿಯ ಕಾವಲುಗಾರನನ್ನು ಹಿಡಿದುಕೊಂಡ. ಕಾವಲುಗಾರ ಬಸವಕಲ್ಯಾಣದ ಮುಸ್ಲಿಂ ಮನೆತನದವನು, ಮಾತುಗಾರ.

"ಭಾಯಿ, ನಾ ಸತ್ತ ದಿನ ನೀ ಒಂದು ತಾಸು ಚಹಾ ಕುಡಿಯಾಕ ಹೋಗು. ಅಷ್ಟರಾಗ ನಮ್ಮ ಮಂದಿ ಕೆಲಸ ಮುಗಸ್ತಾರ."

"ಕಾಕಾ, ಅಲ್ಲಿ ಗುದ್ದಲಿ ಬಿತ್ತಂದ್ರ ನನ್ನ ನೌಕರಿನೂ ನಿಮ್ಮ ಮಗ್ಗಲದಾಗ ಮಣ್ಣಾಗ್ತದ್ರಿ!"

ಗೆಳೆಯ ನಗಲಿಲ್ಲ. ನನ್ನ ಕಡೆ ತಿರುಗಿದ. "ಕಂಟ್ರೋಲರ್ ಸಾಹೇಬ್ರ, ನೀವರ ಹೇಳ್ರಿ. ಮಗ್ಗಲಕ್ಕ ಬರ್ತೀನಿ ಅಂತ ಅಕಿಗಿ ಮಾತು ಕೊಟ್ಟೀನಿ. ಈ ಕಲ್ಲಾಗ ಇದ್ದವ್ರಿಗಿ ಯಾರ್ ಅಡ್ಡ ಬಂದಿದ್ರು?"

"ಬಸ್ಸಿನ್ಯಾಗ ಜೋಡಿ ಸೀಟು ಸಿಗಲಿಲ್ಲಂದ್ರ ಗಂಡ-ಹೆಂಡ್ತಿ ಇಳದ ಹೋಗ್ತಾರೇನೋ? ಹಿಂದಿನ ಸೀಟು ಹಿಡೀತಾರ," ಎಂದೆ.

"ನಿಮಗ ಎಲ್ಲಾ ಬಸ್ಸೇ ಕಾಣ್ತದ," ಎಂದು ಸಿಟ್ಟಿನಿಂದ ಎದ್ದು ಹೋದ. ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ನಡಿಗೆ ಬಿಡಲಿಲ್ಲ.

ಬೇಲಿಯ ಈಚೆ ಅವನ ಹೊಲದಲ್ಲಿ ಮಣ್ಣು ಮಾಡಲು ಯಾರ ತಕರಾರೂ ಇಲ್ಲವೆಂದು ಕಾವಲುಗಾರನೇ ಮೇಲಿನವರನ್ನು ಕೇಳಿ ಬಂದ. ಮರುದಿನ ನಾನು ಹೋದಾಗ ಗೆಳೆಯ ತೊಗರಿ ಕೂಳೆಗಳ ನಡುವೆ ಟವಲ್ ಹಾಸಿ ಚಕ್ಕಳಮಕ್ಕಳ ಕುಳಿತಿದ್ದ. ಮುಖ ಉತ್ತರಕ್ಕೆ. ಎದುರಿಗೆ ತಂತಿ, ತಂತಿಯಾಚೆ ಬೇವು, ಬೇವಿನ ಬುಡದಲ್ಲಿ ಅವಳ ಸಮಾಧಿ.

"ಏನ್ ಮಾಡಾಕತ್ತೀಯೋ?"

"ಜಾಗ ನೋಡಾಕತ್ತೀನ್ರಿ. ಇಲ್ಲಿ ಕುಂತ್ರ ಅಕಿ ಬೆನ್ನು ನನ್ನ ಮುಂದ ಬರ್ತದ." ಟವಲ್ಲಿನ ಅಂಚು ಸರಿಮಾಡಿಕೊಂಡ. "ಮಾಣಿಕನಗರದ ಜಾತ್ರಿಗಿ ಹೋಗ್ಲಿ, ಸಂತಿಗಿ ಹೋಗ್ಲಿ, ಜಿಂದಗಿ ಪೂರಾ ನಾ ಮುಂದ, ಅಕಿ ಹಿಂದ. 'ಸಾವಕಾಶ ನಡೀರಿ' ಅಂತ ಒದರತಿದ್ಲು. ನಾ ಒಮ್ಮಿನೂ ನಿಂದ್ರಲಿಲ್ಲ. ಈಗ ಅಕಿ ಮುಂದಿರ್ಲಿ."

"ಬರೋಬರ್ ಅದ. ಏಳು ಇನ್ನ, ನಿನ್ನ ಗಾಡಿಗಿ ಇನ್ನೂ ವ್ಯಾಳ್ಯಾ ಅದ," ಎಂದು ಕೈ ಕೊಟ್ಟೆ. ಮಂಡಿ ಹಿಡಿದುಕೊಂಡು ಎದ್ದ.

ಈ ಸಲ ಮಳೆ ಬಿದ್ದ ಮೇಲೆ ಅವನು ತೊಗರಿ ಬಿತ್ತಿದ. ಬೇಲಿಯ ಹತ್ತಿರ ಬಂದಾಗ ಕೂರಿಗೆ ಎತ್ತಿ, ಒಬ್ಬ ಮನುಷ್ಯ ಕೂರುವಷ್ಟು ನೆಲ ಬಿಟ್ಟು ಎತ್ತುಗಳನ್ನು ತಿರುಗಿಸಿದ.